ಮೋಟಾರ್ ಸೈಕಲ್ಲೂ ಮಣಿಬಂಧವೂ

ಚನ್ನಪಟ್ಟಣದಿಂದ ಒಬ್ಬ ಗೃಹಿಣಿಯವರು ಬರೆದಿರುವ ಕಾಗದವು ಈ ತಿಂಗಳ ನಮ್ಮ ಬರೆವಣಿಗೆಗೆ ಕಾರಣವಾಗಿದೆ. ಅವರ ಯಜಮಾನರು ಬಿಡದಿಯ ಕಾರ್ಖಾನೆಯೊಂದರಲ್ಲಿ ಉದ್ಯೋಗಸ್ಥರು; ಹನ್ನೊಂದು ವರ್ಷಗಳಿಂದ ದಿನಂಪ್ರತಿ ಮೋಟಾರ್ ಸೈಕಲ್ಲಿನಲ್ಲಿಯೇ ಹೋಗಿಬರುವವರು. ಈಚೆಗೆ ಕೆಲವು ತಿಂಗಳುಗಳಿಂದ ಅವರಿಗೆ ನಡುರಾತ್ರಿಯಲ್ಲಿ ಎಚ್ಚರವಾಗುವುದಂತೆ. ಬಲಗೈಯು ಮರಗಟ್ಟಿ, ಬೆರಳುಗಳಲ್ಲಿ ಇರುವೆ ಹರಿದಂತಾಗಿ, ಎದ್ದು ಕುಳಿತು ಕೈಯನ್ನು ನಾಲ್ಕಾರು ಬಾರಿ ಕೊಡವಿದ ಮೇಲೆಯೇ ಮತ್ತೆ ನಿದ್ರೆ. ಮೊನ್ನೆ ಕಾಫಿಯ ಲೋಟವು ಕೈಜಾರಿ ಬಿದ್ದಿತಂತೆ. “ಇದು ವಾತವೋ, ಯಾರದಾದರೂ ದೃಷ್ಟಿಯೋ, ಅಥವಾ ಗಾಡಿಯ ದೋಷವೋ? ಗಾಡಿಯನ್ನು ಮಾರಿಬಿಡಿರೆಂದರೆ ಕೆಲಸಕ್ಕೆ ಹೋಗುವ ಬಗೆ ಹೇಗೆಂದು ಕೇಳುತ್ತಾರೆ. ಅವರ ಕೈ ಹೋದರೆ ನಮ್ಮ ಮನೆಯೇ ಹೋದಂತೆ” ಎಂದು ಆ ತಾಯಿಯು ಬರೆದಿದ್ದಾರೆ.

ಇಂಥ ಕಾಗದವು ಇದೊಂದೇ ಅಲ್ಲ. ಕನಕಪುರದ ಕಡೆಯ ಒಬ್ಬ ಹಾಲಿನ ವರ್ತಕರೂ, ಮಾಗಡಿಯಿಂದ ಬೆಂಗಳೂರಿಗೆ ಓಡಾಡುವ ಒಬ್ಬ ತರುಣ ಗುಮಾಸ್ತರೂ ಹೆಚ್ಚು ಕಡಮೆ ಇದನ್ನೇ ಕೇಳಿದ್ದಾರೆ. ನಾವು ವೈದ್ಯರಲ್ಲ, ಮೂವತ್ತಕ್ಕೂ ಮಿಕ್ಕು ವರ್ಷ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವರು. ಆದರೂ ಬಲ್ಲ ವೈದ್ಯರನ್ನು ಕೇಳಿಯೂ, ಮೆಕ್ಯಾನಿಕ್ಕರ ಅಂಗಡಿಯ ಮುಂದೆ ಹೊತ್ತುಗಟ್ಟಲೆ ನಿಂತು ನೋಡಿಯೂ, ಗ್ರಂಥಗಳನ್ನು ಓದಿಯೂ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತೇವೆ.

ಮೊದಲು ರಸ್ತೆಯ ಮಾತು. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು ೨೦೨೩ನೆಯ ಇಸವಿ ಮಾರ್ಚಿ ೧೨ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ ೧ರಿಂದ ಮೋಟಾರ್ ಸೈಕಲ್ಲು, ಸ್ಕೂಟರು, ಆಟೋರಿಕ್ಷಾ, ಟ್ರಾಕ್ಟರು ಮೊದಲಾದ ವಾಹನಗಳನ್ನು ಅದರ ಮುಖ್ಯ ಮಾರ್ಗದಲ್ಲಿ ನಿಷೇಧಿಸಿದರು. ನಡೆದ ಅಪಘಾತಗಳನ್ನು ನೆನೆದರೆ ಆ ಆಜ್ಞೆಯನ್ನು ನಾವು ಆಕ್ಷೇಪಿಸಲಾರೆವು. ಕೈಗಿಂತ ಪ್ರಾಣವು ದೊಡ್ಡದು. ಆದರೆ ಅದರ ಫಲವಾಗಿ ಚನ್ನಪಟ್ಟಣ, ರಾಮನಗರ, ಬಿಡದಿಗಳ ನಡುವೆ ಓಡಾಡುವ ದ್ವಿಚಕ್ರಿಗಳೆಲ್ಲರೂ ಪಕ್ಕದ ಸರ್ವೀಸ್ ರಸ್ತೆಯನ್ನು ಹಿಡಿಯಬೇಕಾಯಿತು. ಅಲ್ಲಿ ಹಂಪು, ಇಲ್ಲಿ ಗುಂಡಿ, ಮುಂದೆ ಊರು, ಊರಿನ ಬಾಯಲ್ಲಿ ಬಸ್ಸು. ಚನ್ನಪಟ್ಟಣದಿಂದ ಬಿಡದಿಗೆ ಸುಮಾರು ೩೦ ಕಿಲೋಮೀಟರು. ಹೋಗಿಬರುವುದರಲ್ಲಿ ಎಡಗೈಯು ಎಷ್ಟು ನೂರು ಬಾರಿ ಕ್ಲಚ್ಚನ್ನು ಅದುಮಿತು, ಬಲಗೈಯು ಎಷ್ಟು ಬಾರಿ ಬ್ರೇಕನ್ನು ಹಿಡಿದು ಮತ್ತೆ ಆಕ್ಸಿಲರೇಟರನ್ನು ತಿರುವಿತು ಎಂಬುದನ್ನು ಸವಾರನು ಎಣಿಸುವುದಿಲ್ಲ, ಕೈಯು ಎಣಿಸಿಕೊಂಡಿರುತ್ತದೆ.

ಇನ್ನು ಕೈಯ ರಚನೆಯನ್ನು ನೋಡೋಣ. ಅಂಗೈಯೂ ಮುಂಗೈಯೂ ಕೂಡುವ ಸ್ಥಳಕ್ಕೆ ಸಂಸ್ಕೃತದಲ್ಲಿ ಮಣಿಬಂಧವೆಂದು ಹೆಸರು. ಮಣಿಗಳನ್ನು ಕಟ್ಟುವ ಎಡೆಯೆಂದರ್ಥ. ಅಲ್ಲಿ ಎಂಟು ಚಿಕ್ಕ ಮೂಳೆಗಳು ದೋಣಿಯಂತೆ ಬಾಗಿ ಕುಳಿತಿವೆ. ಆ ದೋಣಿಯ ಬಾಯಿಗೆ ಅಡ್ಡಲಾಗಿ ಒಂದು ಗಟ್ಟಿಯಾದ ಪಟ್ಟಿಯು ಬಿಗಿದಿದೆ. ಹೀಗೆ ಆದ ಸಣ್ಣ ಸುರಂಗದೊಳಗೆ ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಒತ್ತಾಗಿ ಹಾಯುತ್ತವೆ. ಗೋಡೆಗಳು ಹಿಗ್ಗುವವಲ್ಲ. ರಜ್ಜುಗಳ ಪೊರೆಯು ಶ್ರಮದಿಂದ ಊದಿಕೊಂಡರೆ, ಅಥವಾ ಕೈಯನ್ನು ಮಣಿಬಂಧದಲ್ಲಿ ಹಿಂದಕ್ಕೋ ಮುಂದಕ್ಕೋ ಬಹಳ ಹೊತ್ತು ಬಗ್ಗಿಸಿದ್ದರೆ, ಒಳಗಿನ ಒತ್ತಡವು ಹೆಚ್ಚುತ್ತದೆ. ಆಗ ಮೊದಲು ನವೆಯುವುದು ಆ ನರವೇ. ಸುಶ್ರುತಾಚಾರ್ಯರು ಶರೀರದ ೧೦೭ ಮರ್ಮಗಳನ್ನು ಹೇಳುವಾಗ, ಪೆಟ್ಟು ಬಿದ್ದರೆ ಪ್ರಾಣವನ್ನು ತೆಗೆಯದಿದ್ದರೂ ಬಾಧೆಯನ್ನು ಕೊಡುವ ‘ರುಜಾಕರ’ ಮರ್ಮಗಳು ಎಂಟೆಂದು ಎಣಿಸಿ, ಎರಡು ಮಣಿಬಂಧಗಳನ್ನೂ ಆ ಎಂಟರಲ್ಲಿ ಸೇರಿಸಿದ್ದಾರೆ. ಅವರ ಕಾಲದಲ್ಲಿ ಮೋಟಾರ್ ಸೈಕಲ್ಲು ಇರಲಿಲ್ಲವಾದರೂ ಲೆಕ್ಕವು ತಪ್ಪಿಲ್ಲ.

ಯಾವ ಬೆರಳು ಜುಮ್ಮೆನ್ನುತ್ತದೆಯೋ ಅದರಿಂದ ಬಾಧೆಯ ಸ್ಥಾನವನ್ನು ಊಹಿಸಬಹುದು. ಈ ಸುರಂಗದ ನರವು ಅಂಗುಷ್ಠ, ತರ್ಜನೀ, ಮಧ್ಯಮಾ ಎಂಬ ಮೂರು ಬೆರಳುಗಳಿಗೂ, ಅನಾಮಿಕೆಯ ಒಳಮಗ್ಗುಲಿಗೂ, ಎಂದರೆ ಹೆಬ್ಬೆರಳಿನ ಕಡೆಯ ಅರ್ಧಕ್ಕೂ, ಸ್ಪರ್ಶಜ್ಞಾನವನ್ನು ಕೊಡುತ್ತದೆ. ಕಿರುಬೆರಳೂ ಅನಾಮಿಕೆಯ ಹೊರಮಗ್ಗುಲೂ ಇನ್ನೊಂದು ನರದ ವಶದಲ್ಲಿವೆ. ಅದು ಮೊಣಕೈಯ ಹಿಂಬದಿಯಿಂದ ಬಂದು, ಅಂಗೈಯ ಹೊರ ಅಂಚಿನ ಬುಡದಲ್ಲಿ ಬೇರೊಂದು ಸಂದಿನ ಮೂಲಕ ಒಳಹೊಗುತ್ತದೆ. ಆ ಸಂದಿಗೆ ೧೮೬೧ರಲ್ಲಿ ಅದನ್ನು ವರ್ಣಿಸಿದ ಗುಯೋನ್ ಎಂಬ ಫ್ರೆಂಚ್ ವೈದ್ಯನ ಹೆಸರೇ ಉಳಿದಿದೆ. ಮೈಭಾರವನ್ನೆಲ್ಲ ಹ್ಯಾಂಡಲಿನ ಮೇಲೆ ಊರಿಕೊಂಡು ಹೋಗುವವರಿಗೆ ಕಿರುಬೆರಳು ಮರಗಟ್ಟುವುದು ಇದರಿಂದ. ಹೆಬ್ಬೆರಳಿನ ಬುಡದಲ್ಲಿ, ಮಣಿಬಂಧದ ಪಕ್ಕದಲ್ಲಿ, ಹಿಡಿಯನ್ನು ತಿರುವಿದಾಗಲೆಲ್ಲ ಚಳಕು ಹೊಡೆದರೆ ಅದು ನರದ ದೋಷವಲ್ಲ, ರಜ್ಜುವಿನ ಉರಿಯೂತ. ಚನ್ನಪಟ್ಟಣದ ಆ ಗೃಹಸ್ಥರು ರಾತ್ರಿಯಲ್ಲಿ ಎದ್ದು ಕೈ ಕೊಡವುತ್ತಾರೆಂಬುದನ್ನು ಓದಿದೊಡನೆ ನಮಗೆ ಮೊದಲನೆಯ ಸುರಂಗದ ಮೇಲೆಯೇ ಸಂದೇಹ ಹುಟ್ಟಿತು. ನಿದ್ರೆಯಲ್ಲಿ ನಾವು ಅರಿಯದೆಯೇ ಕೈಯನ್ನು ಮಡಿಸಿ ಮಲಗುತ್ತೇವೆ, ಒತ್ತಡವು ಏರುತ್ತದೆ, ಕೊಡವಿದರೆ ಇಳಿಯುತ್ತದೆ. ವೈದ್ಯರು ಈ ಕೈ ಕೊಡವುವ ಲಕ್ಷಣವನ್ನು ಒಂದು ಗುರುತಾಗಿಯೇ ಇಟ್ಟುಕೊಂಡಿದ್ದಾರೆ. ಇನ್ನೊಂದು ಪರೀಕ್ಷೆಯು ಅಮೆರಿಕೆಯ ಫಾಲೆನ್ ಎಂಬ ಶಸ್ತ್ರವೈದ್ಯನದು: ಎರಡು ಕೈಗಳ ಹಿಂಬದಿಗಳನ್ನೂ ಒಂದಕ್ಕೊಂದು ತಾಗಿಸಿ, ಬೆರಳುಗಳು ನೆಲವನ್ನು ನೋಡುವಂತೆ ಮಣಿಬಂಧವನ್ನು ಬಗ್ಗಿಸಿ, ಒಂದು ನಿಮಿಷ ಹಿಡಿದಿರುವುದು. ಅಷ್ಟರಲ್ಲಿ ಆ ಮೂರು ಬೆರಳುಗಳು ಜುಮ್ಮೆಂದರೆ ವೈದ್ಯರಿಗೆ ತೋರಿಸತಕ್ಕದ್ದು.

ಬಗ್ಗಿಸುವುದೊಂದು ಕಾರಣವಾದರೆ ನಡುಕವು ಎರಡನೆಯದು. ಒಂದೇ ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ ೬,೦೦೦ ಸುತ್ತು ತಿರುಗುತ್ತಿದ್ದರೆ ಪಿಸ್ಟನ್ನು ಸೆಕೆಂಡಿಗೆ ೧೦೦ ಬಾರಿ ಏರಿ ಇಳಿಯುತ್ತದೆ. ಗಂಟೆಗೆ ೩,೬೦,೦೦೦ ಬಾರಿ. ಒಂದೊಂದು ಏರಿಳಿತದ ಅದಿರೂ ಚೌಕಟ್ಟನ್ನು ಹಾದು ಹ್ಯಾಂಡಲಿನ ಕೊಳವೆಗೆ ಬಂದು ಅಂಗೈಯಲ್ಲಿ ಮುಗಿಯುತ್ತದೆ. ಇಲ್ಲಿ ಒಂದು ವಿಚಿತ್ರವುಂಟು. ನಡುಗುವ ವಸ್ತುವನ್ನು ಹಿಡಿದ ಕೈಯು ತನ್ನ ಇಚ್ಛೆಯಿಲ್ಲದೆಯೇ ಹಿಡಿತವನ್ನು ಇನ್ನೂ ಬಿಗಿಮಾಡುತ್ತದೆ. ಇದು ಮಾಂಸಖಂಡದ ಸ್ವಭಾವ. ಬಿಗಿಹಿಡಿದಷ್ಟೂ ನಡುಕವು ಕೈಯೊಳಕ್ಕೆ ಹೆಚ್ಚಾಗಿ ಇಳಿಯುತ್ತದೆ. ಇಳಿದಷ್ಟೂ ಹಿಡಿತವು ಬಿಗಿಯಾಗುತ್ತದೆ. ಆದಕಾರಣ ಸಡಿಲವಾಗಿ ಹಿಡಿಯಬೇಕೆಂಬುದು ಹೇಳಿಕೊಡದೆ ಬರುವ ವಿದ್ಯೆಯಲ್ಲ, ಅಭ್ಯಾಸ ಮಾಡಿ ಕಲಿಯಬೇಕಾದುದು.

ಕೆಲಸವು ಕೈಯನ್ನು ಕೆಡಿಸುವುದು ಇಂದಿನ ಮಾತಲ್ಲ. ಇಟಲಿಯ ರಾಮಾಝ್ಝಿನಿ ಎಂಬ ವೈದ್ಯನು ಕಸಬುದಾರರ ರೋಗಗಳ ಮೇಲೆ ೧೭೦೦ರಲ್ಲಿ ಒಂದು ಗ್ರಂಥವನ್ನೇ ಬರೆದನು. ೧೭೧೩ರಲ್ಲಿ ಅದನ್ನು ಬೆಳೆಯಿಸಿದಾಗ, ಇಡೀ ದಿನ ಲೇಖನಿ ಹಿಡಿದ ಗುಮಾಸ್ತರ ಕೈನೋವನ್ನೂ ಸೇರಿಸಿದನು. ೧೯೧೮ರಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆಯು ಅಮೆರಿಕೆಯ ಇಂಡಿಯಾನ ಸಂಸ್ಥಾನದ ಬೆಡ್‌ಫರ್ಡಿಗೆ ಹೋಗಿ, ಗಾಳಿಯ ಒತ್ತಡದಿಂದ ಓಡುವ ಸುತ್ತಿಗೆ ಹಿಡಿದು ಸುಣ್ಣಕಲ್ಲು ಕಡಿಯುವವರನ್ನು ಪರೀಕ್ಷಿಸಿದಳು. ಚಳಿಯ ಬೆಳಗಿನಲ್ಲಿ ಅವರ ಬೆರಳುಗಳು ಹೆಣದಂತೆ ಬಿಳುಪೇರುತ್ತಿದ್ದುವು. ಜಪಾನಿನಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಅಂಚೆ ಹಂಚುವವರಲ್ಲಿಯೂ ಅದೇ ಬಗೆಯ ಬಾಧೆಯನ್ನು ವೈದ್ಯರು ಕಂಡರು. ನಮ್ಮ ರಾಮನಗರದ ಸೀಮೆಯೂ ಕಲ್ಲಿನ ಸೀಮೆಯೇ. ಊರಿಗೆ ಕ್ಲೋಸ್ ಪೇಟೆ ಎಂಬ ಹೆಸರಿದ್ದ ಕಾಲದ ಗುರುತಾಗಿ ಭೂಗರ್ಭ ಶಾಸ್ತ್ರಜ್ಞರು ಇಲ್ಲಿಯ ಬೆಟ್ಟಗಳ ಕಲ್ಲನ್ನು ಇಂದಿಗೂ ಕ್ಲೋಸ್ ಪೇಟೆ ಗ್ರಾನೈಟೆಂದೇ ಕರೆಯುತ್ತಾರೆ. ಹಗಲೆಲ್ಲ ಕಲ್ಲಿಗೆ ಕುಳಿ ಕೊರೆಯುವ ಯಂತ್ರವನ್ನು ಹಿಡಿದವನು ಸಂಜೆ ಮೋಟಾರ್ ಸೈಕಲ್ಲೇರಿದರೆ ಕೈಗೆ ಎರಡು ಸಾಲ.

ಈ ಎರಡು ಸಾಲದ ಮಾತನ್ನು ನಮ್ಮ ವಾಚಕರು ಗಮನಿಸಬೇಕು. ರಾಮನಗರದ ಗೂಡಿನ ಮಾರುಕಟ್ಟೆಗೆ ನಸುಕಿನಲ್ಲಿಯೇ ಹಿಂಬದಿಯಲ್ಲಿ ದೊಡ್ಡ ಚೀಲವನ್ನು ಕಟ್ಟಿಕೊಂಡು ಬರುವ ರೈತನೂ, ಬಿಸಿನೀರಿನ ಬೇಸಿನ್ನಿನಲ್ಲಿ ಬೆರಳದ್ದಿ ಗೂಡಿನ ಎಳೆ ಹುಡುಕುವ ನೂಲು ಬಿಚ್ಚಾಣಿಕೆಯವರೂ, ಚನ್ನಪಟ್ಟಣದಲ್ಲಿ ತಿರುಗುವ ಆಲೆಮರದ ತುಂಡಿಗೆ ಉಳಿಯನ್ನೂ ಅರಗಿನ ಕಡ್ಡಿಯನ್ನೂ ಒತ್ತಿ ಬೊಂಬೆ ಮಾಡುವ ಕುಶಲಿಯೂ ಕೈಯಿಂದಲೇ ಬದುಕುವವರು. ಬೆರಳಿನ ತುದಿಯ ಸ್ಪರ್ಶವು ಮಂಕಾದರೆ ಎಳೆಯು ಸಿಕ್ಕುವುದಿಲ್ಲ, ಅರಗು ಸಮನಾಗಿ ಕೂರುವುದಿಲ್ಲ. ಇವರಿಗೆ ಕೈನೋವೆಂಬುದು ಅಸೌಕರ್ಯವಲ್ಲ, ಕೂಲಿಯ ನಷ್ಟ. ಯಾವ ಕೆಲಸದಿಂದ ನೋವು ಬಂದಿತೆಂದು ವೈದ್ಯರು ಕೇಳಿದಾಗ ಗಾಡಿಯೊಂದನ್ನೇ ಹೇಳದೆ ಕಸಬನ್ನೂ ಹೇಳತಕ್ಕದ್ದು.

ಈಗ ಗಾಡಿಯ ವಿಚಾರ. ನಮ್ಮ ಬಾಲ್ಯದಲ್ಲಿ ಈ ರಸ್ತೆಯ ಮೇಲೆ ಮೈಸೂರಿನ ಜಾವಾ, ಯೆಜ್ಡಿ ಗಾಡಿಗಳದೇ ಸದ್ದು. ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಿಂದ ೧೯೯೬ರವರೆಗೆ ನಡೆಯಿತು. ಆ ಗಾಡಿಗಳಲ್ಲಿ ಕಾಲಿನಿಂದ ಗೇರು ಬದಲಿಸಿದೊಡನೆ ಕ್ಲಚ್ಚು ತಾನಾಗಿಯೇ ಬಿಟ್ಟುಕೊಳ್ಳುವ ಏರ್ಪಾಡಿದ್ದಿತು. ಎಡಗೈಗೆ ಆಗಾಗ ಬಿಡುವು ಸಿಕ್ಕುತ್ತಿತ್ತು. (ರಾಮನಗರದ ಬೆಟ್ಟಗಳ ನಡುವೆ ತೆಗೆದು ೧೯೭೫ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದಲ್ಲಿ ಓಡುವ, ಪಕ್ಕಕ್ಕೆ ತೊಟ್ಟಿಲು ಕಟ್ಟಿದ ಮೋಟಾರ್ ಸೈಕಲ್ಲನ್ನು ನೆನೆದು ಇಂದಿಗೂ ಹುಡುಗರು ಹ್ಯಾಂಡಲು ಬಿಟ್ಟು ಓಡಿಸುವುದುಂಟು. ಕೈಗೆ ವಿಶ್ರಾಂತಿ ಕೊಡುವ ಆ ವಿಧಾನವನ್ನು ನಾವು ಶಿಫಾರಸು ಮಾಡುವುದಿಲ್ಲ.) ಇಂದಿನ ಗಾಡಿಗಳಲ್ಲಿ ಕ್ಲಚ್ಚಿನ ಭಾರವೆಲ್ಲ ಎಡಗೈಯದೇ. ಆದ್ದರಿಂದ ಮೊದಲ ಚಿಕಿತ್ಸೆಯು ಕೈಗಲ್ಲ, ಕ್ಲಚ್ಚಿನ ತಂತಿಗೆ.

ತಂತಿಯು ಒಣಗಿದ್ದರೆ, ಒಳಗೆ ಎಳೆಗಳು ಹರಿದು ಮುಳ್ಳಾಗಿದ್ದರೆ, ಅಥವಾ ಹ್ಯಾಂಡಲಿಗೆ ಸದಾ ಚೀಲ ತೂಗುಹಾಕಿ ಅದರ ಹೊರಕವಚವು ಸೊಟ್ಟಗಾಗಿದ್ದರೆ, ಕ್ಲಚ್ಚು ಅನಾವಶ್ಯಕವಾಗಿ ಗಟ್ಟಿಯಾಗಿರುತ್ತದೆ. ತಂತಿಯನ್ನು ಲಿವರಿನಿಂದ ಬಿಡಿಸಿ ಮೇಲ್ತುದಿಯಿಂದ ತೆಳುವಾದ ಎಣ್ಣೆಯನ್ನು ತೊಟ್ಟುತೊಟ್ಟಾಗಿ ಇಳಿಯಬಿಟ್ಟರೆ, ಮರುದಿನವೇ ಕೈಗೆ ವ್ಯತ್ಯಾಸವು ತಿಳಿಯುತ್ತದೆ. ಹರಿದ ತಂತಿಗೆ ಎಣ್ಣೆಯು ಉಪಾಯವಲ್ಲ. ಹೊಸದನ್ನು ಹಾಕಿಸುವುದು ವೈದ್ಯರ ಒಂದು ಭೇಟಿಗಿಂತ ಅಗ್ಗ. ಲಿವರಿನ ತುದಿಯಲ್ಲಿ ಕ್ಲಚ್ಚು ಹಿಡಿಯುವ ಮೊದಲು ಸ್ವಲ್ಪ ಸಡಿಲವಿರಬೇಕು. ಹೆಚ್ಚಿನ ಗಾಡಿಗಳಲ್ಲಿ ಇದು ೧೦ರಿಂದ ೨೦ ಮಿಲಿಮೀಟರು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಹೇಳಿದ್ದೇ ಪ್ರಮಾಣ. ಗಾಡಿ ಕೊಂಡ ದಿನ ಆ ಕೈಪಿಡಿಯನ್ನು ಎಲ್ಲಿಟ್ಟಿರೆಂಬುದನ್ನು ಮನೆಯವರನ್ನು ಕೇಳಿರಿ, ಅವರಿಗೆ ಗೊತ್ತಿರುತ್ತದೆ.

ಎರಡನೆಯದು ಲಿವರಿನ ಓರೆ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ, ಆದರೂ ನೂರಕ್ಕೆ ಒಬ್ಬರೂ ಮಾಡಿಸಿಕೊಳ್ಳುವುದಿಲ್ಲವೆಂದೇ ನಮ್ಮ ಅನುಭವ. ಗಾಡಿಯನ್ನು ನಿಲ್ಲಿಸಿ, ದಿನವೂ ಕೂರುವಂತೆ ಕುಳಿತು, ಬೆರಳುಗಳನ್ನು ನೀಡಿ ಲಿವರಿನ ಮೇಲಿಡಿರಿ. ಮೊಣಕೈಯಿಂದ ಬೆರಳಿನ ತುದಿಯವರೆಗೆ ಪಕ್ಕದಿಂದ ನೋಡಿದರೆ ಒಂದೇ ಸರಳರೇಖೆಯು ಕಾಣಬೇಕು. ಅನೇಕ ಗಾಡಿಗಳಲ್ಲಿ ಲಿವರು ಹೆಚ್ಚು ಮೇಲಕ್ಕೆ ನಿಂತಿರುತ್ತದೆ. ಆಗ ಪ್ರತಿಸಲವೂ ಕೈಯನ್ನು ಹಿಂದಕ್ಕೆ ಮುರಿದು ಬೆರಳನ್ನು ಎತ್ತಬೇಕಾಗುತ್ತದೆ. ಹಿಡಿಯ ಪಕ್ಕದ ಬೋಲ್ಟನ್ನು ಸಡಿಲಿಸಿ ಲಿವರನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿ ಮತ್ತೆ ಬಿಗಿಯಿಸಿದರೆ ತೀರಿತು. ಎಡಬಲಗಳೆರಡನ್ನೂ ಹೀಗೆಯೇ ಮಾಡಿಸಬೇಕು. ಬ್ರೇಕಿನ ಕಡೆಯಲ್ಲಿ ಎಣ್ಣೆಯ ಬಟ್ಟಲಿದ್ದರೆ ಅದು ಬಹಳ ಓರೆಯಾಗದಂತೆ ಬಲ್ಲ ಮೆಕ್ಯಾನಿಕ್ಕರ ಕೈಯಿಂದಲೇ ಮಾಡಿಸತಕ್ಕದ್ದು. ಮನೆಯಲ್ಲಿ ಗಂಡಹೆಂಡಿರಿಬ್ಬರೂ ಒಂದೇ ಸ್ಕೂಟರನ್ನು ಓಡಿಸುವುದಾದರೆ, ಚಿಕ್ಕ ಕೈಯವರಿಗೆ ಸರಿಹೋಗುವಂತೆ ಇಡಿಸುವುದು ನ್ಯಾಯ. ಹಿಡಿಯ ಮೇಲೆ ದಪ್ಪನೆಯ ಸ್ಪಂಜಿನ ಕವಚ ಹಾಕಿಸುವ ರೂಢಿಯೊಂದಿದೆ. ದೊಡ್ಡ ಅಂಗೈಯವರಿಗೆ ಅದು ಹಿತ. ಚಿಕ್ಕ ಅಂಗೈಯವರಿಗೆ ಹಿಡಿ ಸುತ್ತಲು ಇನ್ನಷ್ಟು ಬಲ ಬೇಕಾಗುವುದರಿಂದ ನೋವು ಹೆಚ್ಚುತ್ತದೆ.

ಗಾಡಿಯ ನಡುಕಕ್ಕೆ ಹಲವು ಕಾರಣಗಳು. ಎಂಜಿನ್ನನ್ನು ಚೌಕಟ್ಟಿಗೆ ಬಿಗಿದ ಬೋಲ್ಟುಗಳು ಸಡಿಲವಾಗಿರಬಹುದು, ಗುಂಡಿಯಲ್ಲಿ ಬಿದ್ದು ಚಕ್ರದ ರಿಮ್ಮು ಡೊಂಕಾಗಿರಬಹುದು, ಹ್ಯಾಂಡಲು ತಿರುಗುವ ಕತ್ತಿನ ಕೋನ್ ಸೆಟ್ಟು ಸವೆದಿರಬಹುದು, ಚೈನು ಜೋತಿರಬಹುದು. ಟೈರಿನ ಗಾಳಿಯೊಂದು ದೊಡ್ಡ ಕಾರಣ. ಪಂಚರ್ ಅಂಗಡಿಯ ಹುಡುಗನು ಹೆಬ್ಬೆರಳಿನಿಂದ ಒತ್ತಿ ನೋಡಿ, ಧಾರಾಳ ಮನಸ್ಸಿನಿಂದ ತುಂಬಿಬಿಡುತ್ತಾನೆ; ಕಲ್ಲಿನಂತಾದ ಟೈರು ಪ್ರತಿಯೊಂದು ಹರಳನ್ನೂ ಅಂಗೈಗೆ ಒಪ್ಪಿಸುತ್ತದೆ. ಕೈಪಿಡಿಯಲ್ಲಿ ಬರೆದಷ್ಟೇ ಗಾಳಿಯನ್ನು ಅಳತೆ ನೋಡಿ ಹಾಕಿಸತಕ್ಕದ್ದು. ಹ್ಯಾಂಡಲಿನ ಎರಡು ತುದಿಗಳಲ್ಲಿಯೂ ಕಬ್ಬಿಣದ ಗುಂಡುಗಳನ್ನು ಕಂಪೆನಿಯವರು ಕೂರಿಸಿರುವುದು ಅಲಂಕಾರಕ್ಕಲ್ಲ. ಆ ಭಾರವು ಕೊಳವೆಯ ನಡುಕವನ್ನು ತಗ್ಗಿಸುತ್ತದೆ. ತರುಣರು ಅದನ್ನು ಕಿತ್ತು ಬಣ್ಣದ ಪ್ಲಾಸ್ಟಿಕ್ಕಿನ ಬಿರಡೆಗಳನ್ನು ಹಾಕಿಸಿಕೊಂಡು, ಆಮೇಲೆ ಕೈ ಜುಮ್ಮೆನ್ನುತ್ತದೆಂದು ನಮ್ಮನ್ನು ಕೇಳುತ್ತಾರೆ. ಇದಲ್ಲದೆ ಒಂದೊಂದು ಗಾಡಿಗೂ ಅತಿಯಾಗಿ ನಡುಗುವ ಒಂದು ವೇಗವುಂಟು. ಅದಕ್ಕಿಂತ ಐದು ಕಿಲೋಮೀಟರು ಕೆಳಗೋ, ರಸ್ತೆಯೂ ಕಾನೂನೂ ಒಪ್ಪುವುದಾದರೆ ಸ್ವಲ್ಪ ಮೇಲೋ ಹೋದರೆ ಹಿಡಿಯು ಶಾಂತವಾಗುತ್ತದೆ.

ಸವಾರನ ಕುಳಿತುಕೊಳ್ಳುವ ಬಗೆಯೇ ಇವೆಲ್ಲಕ್ಕಿಂತ ಮುಖ್ಯವಾದುದು. ಮೈಭಾರವನ್ನು ಸೊಂಟವೂ ತೊಡೆಗಳೂ ಪಾದಗಳೂ ಹೊರಬೇಕು; ಕೈಗಳ ಕೆಲಸವು ದಿಕ್ಕನ್ನು ತೋರಿಸುವುದಷ್ಟೇ. ಮೋಟಾರ್ ಸೈಕಲ್ಲಿನಲ್ಲಿ ಮೊಣಕಾಲುಗಳಿಂದ ಪೆಟ್ರೋಲ್ ಟ್ಯಾಂಕನ್ನು ಮೆಲ್ಲಗೆ ಅಮುಕಿ ಹಿಡಿದರೆ, ಬ್ರೇಕು ಹಾಕಿದಾಗ ಮೈಯು ಮುಂದಕ್ಕೆ ನುಗ್ಗಿ ಅಂಗೈಯ ಮೇಲೆ ಬೀಳುವುದು ತಪ್ಪುತ್ತದೆ. ಮೊಣಕೈಗಳು ಸ್ವಲ್ಪ ಬಾಗಿರಲಿ. ನೆಟ್ಟಗೆ ಬಿಗಿದ ತೋಳು ಹಂಪಿನ ಪೆಟ್ಟನ್ನು ನೇರವಾಗಿ ಹೆಗಲಿಗೆ ಒಯ್ಯುತ್ತದೆ. ಹಿಂದೆ ಹೆಂಡತಿಯೂ ನಡುವೆ ಮಗುವೂ ಕುಳಿತು, ಸವಾರನು ಟ್ಯಾಂಕಿನ ಮೇಲೇರುವಷ್ಟು ಮುಂದಕ್ಕೆ ಸರಿದು, ಹ್ಯಾಂಡಲನ್ನು ಎದೆಗೆ ತಂದುಕೊಂಡು ಓಡಿಸುವುದನ್ನು ನಾವು ದಿನವೂ ನೋಡುತ್ತೇವೆ. ಆ ಭಂಗಿಯಲ್ಲಿ ಮಣಿಬಂಧವು ನೇರವಾಗಿರುವುದು ಸಾಧ್ಯವೇ ಇಲ್ಲ. ಮೂವರ ಸವಾರಿಯ ಇತರ ಅಪಾಯಗಳನ್ನು ಬೇರೆ ಹೇಳಬೇಕಾಗಿಲ್ಲ.

ಬಲಗೈಯ ಆಕ್ಸಿಲರೇಟರಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಹಿಡಿಯನ್ನು ತನ್ನ ಕಡೆಗೆ ತಿರುವಿದಂತೆಲ್ಲ ಮಣಿಬಂಧವು ಕೆಳಕ್ಕೆ ಜಗ್ಗುತ್ತದೆ, ಅಂಗೈಯು ಹಿಂದಕ್ಕೆ ಮುರಿಯುತ್ತದೆ. ಅದೇ ಸ್ಥಿತಿಯಲ್ಲಿಯೇ ಮುಕ್ಕಾಲು ಗಂಟೆ ಹೋಗುವುದೇ ಸುರಂಗದ ನರಕ್ಕೆ ಶತ್ರು. ಗಾಡಿಯು ಹೊರಟು ಸಮವೇಗಕ್ಕೆ ಬಂದ ಮೇಲೆ, ಮುಂದೆ ರಸ್ತೆಯು ತೆರವಾಗಿರುವಾಗ, ಹಿಡಿತವನ್ನು ಒಂದು ಕ್ಷಣ ಸಡಿಲಿಸಿ, ಕೈಯು ಮುಂಗೈಗೆ ನೇರವಾಗಿರುವಂತೆ ಮತ್ತೆ ಹಿಡಿಯುವುದನ್ನು ರೂಢಿ ಮಾಡಿಕೊಳ್ಳಬೇಕು. ಬೀಗದ ಗುಬುಟನ್ನು ತಿರುಗಿಸುವವರಂತೆ ಹಿಡಿಯನ್ನು ತುಸು ಓರೆಯಾಗಿ ಹಿಡಿದರೆ ಇದು ಸುಲಭ. ಹಳೆಯ ಕಾಲದ ಸಾರಥಿಗಳಿಗೂ ಜಟಕಾ ಹೊಡೆಯುವವರಿಗೂ ಲಗಾಮಿನ ವಿಷಯದಲ್ಲಿ ಇದೇ ಪಾಠವಿದ್ದಿತು: ಹಕ್ಕಿಯ ಮರಿಯನ್ನು ಹಿಡಿದಂತೆ, ಹಾರಿಹೋಗದ ಹಾಗೆ, ನೋಯದ ಹಾಗೆ.

ಕ್ಲಚ್ಚಿನ ಕೈಗೆ ಅತಿ ದೊಡ್ಡ ಉಪಕಾರವೆಂದರೆ ಸಿಗ್ನಲಿನಲ್ಲಿ ಗೇರನ್ನು ನ್ಯೂಟ್ರಲಿಗೆ ತಂದು ಕೈಬಿಡುವುದು. ಕೆಂಗೇರಿಯ ಬಾಯಲ್ಲಿ, ನಾಯಂಡಹಳ್ಳಿಯ ಹತ್ತಿರ, ಎರಡೆರಡು ನಿಮಿಷ ಕ್ಲಚ್ಚನ್ನು ಅದುಮಿಕೊಂಡೇ ನಿಲ್ಲುವವರು ಅರ್ಧಕ್ಕಿಂತ ಹೆಚ್ಚು. ಸಾಗುತ್ತಿರುವಾಗ ಕ್ಲಚ್ಚಿನ ಮೇಲೆ ಬೆರಳುಗಳನ್ನು ಸುಮ್ಮನೆ ಒರಗಿಸಿಡುವುದೂ ಬೇಡ. ಬೆರಳೂ ದಣಿಯುತ್ತದೆ, ಕ್ಲಚ್ಚೂ ಸವೆಯುತ್ತದೆ. ಮುಕ್ಕಾಲು ಗಂಟೆಗೊಮ್ಮೆ ಇಳಿದು, ಬೆರಳುಗಳನ್ನು ಪೂರ್ತಿ ಬಿಡಿಸಿ, ಮುಷ್ಟಿ ಕಟ್ಟಿ, ಮತ್ತೆ ಬಿಡಿಸಿ, ಹೆಗಲನ್ನು ತಿರುಗಿಸಿ ಮುಂದುವರಿಯುವುದು ಒಳ್ಳೆಯದು. ಬಿಡದಿಯಲ್ಲಿ ತಟ್ಟೆ ಇಡ್ಲಿಗಾಗಿ ಇಳಿಯುವವರು ಅರಿಯದೆಯೇ ಈ ಚಿಕಿತ್ಸೆಯನ್ನು ಮಾಡಿಕೊಳ್ಳುತ್ತಿದ್ದಾರೆ. ಗ್ಲೌಸು ಹಾಕುವುದು ಉತ್ತಮ, ವಿಶೇಷವಾಗಿ ಮಾಗಿಯ ಬೆಳಗಿನಲ್ಲಿ. ತಣ್ಣಗಾದ ಕೈಯಲ್ಲಿ ರಕ್ತಸಂಚಾರವು ಕುಗ್ಗಿ ನಡುಕದ ಪೀಡೆಯು ಹೆಚ್ಚುತ್ತದೆ. ಆದರೆ ಬಿಗಿಯಾದ ಗ್ಲೌಸು ಇಲ್ಲದ್ದಕ್ಕಿಂತ ಕೆಟ್ಟದ್ದು. ಅಂಗೈಯ ನಡುವೆ ದಪ್ಪ ಹೊಲಿಗೆ ಬಂದಿರಬಾರದು.

ಮನೆಯಲ್ಲಿ ಮಾಡಬಹುದಾದುದನ್ನು ಗೃಹಿಣಿಯರು ಕೇಳುತ್ತಾರೆ. ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿ ತಿಕ್ಕಿ ಬಿಸಿನೀರೆರೆಯುವುದು ದಣಿದ ಮಾಂಸಖಂಡಕ್ಕೆ ಹಿತವೇ. ಅದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಎಣ್ಣೆಯು ಸುರಂಗವನ್ನು ಅಗಲ ಮಾಡಲಾರದು. ನಂಬಿ ತಿಂಗಳುಗಟ್ಟಲೆ ತಿಕ್ಕುತ್ತ ಕುಳಿತರೆ ಕಾಲವು ಕೈಮೀರುತ್ತದೆ. ರಾತ್ರಿಯ ಬಾಧೆಗೆ ಎಲ್ಲಕ್ಕಿಂತ ಸುಲಭವೂ ಫಲಕಾರಿಯೂ ಆದುದು ಮಣಿಬಂಧವನ್ನು ನೇರವಾಗಿಡುವ ಕೈಪಟ್ಟಿ. ಒಳಗೆ ತಗಡಿನ ಪಟ್ಟಿಯಿರುವ ಈ ಕೈಪಟ್ಟಿಯು ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ. ಮಲಗುವಾಗ ಬಿಗಿಯಾಗದಂತೆ ಕಟ್ಟಿಕೊಂಡು, ಆರು ವಾರಗಳಾದರೂ ತಪ್ಪದೆ ಪಾಲಿಸಬೇಕು. ಎರಡು ರಾತ್ರಿ ಕಟ್ಟಿ ಗುಣ ಕಾಣಲಿಲ್ಲವೆಂದು ಮೂಲೆಗೆಸೆಯಬಾರದು. ಗಾಡಿ ಓಡಿಸುವಾಗ ಮಾತ್ರ ಅದು ಬೇಡ, ಬ್ರೇಕು ಹಿಡಿಯಲು ತೊಡಕಾಗುತ್ತದೆ. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ದಿನವೂ ನುಂಗುವುದು ಮೂತ್ರಪಿಂಡಕ್ಕೂ ಜಠರಕ್ಕೂ ಹಾನಿ.

ಗಾಡಿಯಿಂದಿಳಿದು ಹತ್ತು ಹದಿನೈದು ನಿಮಿಷಗಳಲ್ಲಿ ಹೋಗುವ ಜುಮ್ಮಿಗೆ ಇಷ್ಟು ಸಾಕು. ಆದರೆ ಹಗಲಿನಲ್ಲಿಯೂ ಸ್ಪರ್ಶವು ಮಂಕಾಗಿದ್ದರೆ, ಗುಂಡಿ ಹಾಕಿಕೊಳ್ಳುವುದು ಕಷ್ಟವಾದರೆ, ಲೋಟ ಜಾರಿದರೆ, ಹೆಬ್ಬೆರಳಿನ ಬುಡದ ಉಬ್ಬು ಚಪ್ಪಟೆಯಾಗುತ್ತ ಬಂದರೆ, ಒಂದು ವಾರವನ್ನೂ ತಡೆಯದೆ ವೈದ್ಯರನ್ನು ಕಾಣಬೇಕು. ನರದಲ್ಲಿ ವಿದ್ಯುತ್ತು ಹಾಯುವ ವೇಗವನ್ನು ಅಳೆಯುವ ಪರೀಕ್ಷೆಯು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಉಂಟು. ಅವಶ್ಯವಾದರೆ ಸುರಂಗಕ್ಕೆ ಸೂಜಿಮದ್ದು ಕೊಡುತ್ತಾರೆ, ಇಲ್ಲವೇ ಅಡ್ಡಪಟ್ಟಿಯನ್ನು ಕತ್ತರಿಸಿ ನರವನ್ನು ಬಿಡಿಸುತ್ತಾರೆ. ಅದು ಚಿಕ್ಕ ಶಸ್ತ್ರಕ್ರಿಯೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಉಬ್ಬು ಪೂರ್ತಿ ಕರಗಿದ ಮೇಲೆ ಹೋದರೆ ನೋವನ್ನು ತೆಗೆಯಬಲ್ಲರು, ಹೋದ ಬಲವನ್ನು ತಂದುಕೊಡುವರೆಂಬ ಭರವಸೆಯಿಲ್ಲ. ಮಧುಮೇಹವೂ, ಥೈರಾಯ್ಡ್ ಗ್ರಂಥಿಯ ಮಾಂದ್ಯವೂ ಇರುವವರಿಗೆ ಈ ಬಾಧೆಯು ಬೇಗನೆ ಅಂಟುತ್ತದೆ. ನಲವತ್ತು ದಾಟಿದವರು ಕೈ ತೋರಿಸಲು ಹೋದಾಗಲೇ ರಕ್ತವನ್ನೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಕತ್ತಿನಿಂದ ತೋಳಿಗೆ ಇಳಿಯುವ ನೋವಿಗೆ ಕಾರಣವು ಕತ್ತಿನ ಮೂಳೆಯಲ್ಲಿರಬಹುದು. ಎಡತೋಳಿನ ನೋವಿನೊಡನೆ ಎದೆಬಿಗಿತ, ಬೆವರು, ಉಸಿರಾಟದ ಕಷ್ಟಗಳು ಕಂಡರೆ ಕ್ಲಚ್ಚನ್ನು ದೂರುತ್ತ ಕೂರದೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅವರೇ ಗಾಡಿ ಓಡಿಸಿಕೊಂಡು ಹೋಗುವುದಂತೂ ಕೂಡದು.

ಚನ್ನಪಟ್ಟಣದ ಸೋದರಿಯವರಿಗೆ ನಮ್ಮ ಉತ್ತರವಿದು. ದೃಷ್ಟಿಯಲ್ಲ. ಗಾಡಿಯನ್ನು ಮಾರುವುದೂ ಈಗಲೇ ಬೇಡ. ಲೋಟವು ಜಾರಿದ ಮೇಲೆ ಎಣ್ಣೆಯ ಕಾಲವು ಮುಗಿಯಿತು. ಬರುವ ವಾರದ ರಜೆಯಲ್ಲಿಯೇ ಯಜಮಾನರನ್ನು ವೈದ್ಯರ ಬಳಿಗೆ ಕಳುಹಿಸಿ, ಹಿಂದಿರುಗುವಾಗ ಕೈಪಟ್ಟಿಯನ್ನು ತರಿಸಿರಿ. ಅಂದೇ ಸಂಜೆ ಗಾಡಿಯ ತಂತಿಗೂ ಲಿವರಿಗೂ ಚಿಕಿತ್ಸೆಯಾಗಲಿ. ಕೆಲವು ವಾರಗಳ ಮಟ್ಟಿಗೆ, ಪಾಳಿಯ ಹೊತ್ತು ಹೊಂದುವುದಾದರೆ, ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಹೋಗಿಬಂದರೆ ನರಕ್ಕೆ ಬಿಡುವು ದೊರೆಯುತ್ತದೆ. ಚನ್ನಪಟ್ಟಣ, ರಾಮನಗರ, ಬಿಡದಿ ಮೂರೂ ಮೈಸೂರು ರೈಲುದಾರಿಯ ಮೇಲಿನ ಊರುಗಳೇ ಅಲ್ಲವೆ?

ಸ್ಕೂಟರು ಓಡಿಸುವ ಒಬ್ಬ ಗರ್ಭಿಣಿಯವರು ತಮಗೂ ಬೆರಳು ಜುಮ್ಮೆನ್ನುವುದೆಂದು ಕೇಳಿಸಿದ್ದಾರೆ. ಗರ್ಭಕಾಲದಲ್ಲಿ ಮೈಯಲ್ಲಿ ನೀರು ಹೆಚ್ಚಿ ಸುರಂಗವು ಇಕ್ಕಟ್ಟಾಗುವುದರಿಂದ ಹೀಗಾಗುತ್ತದೆ. ಬಹುಮಂದಿಗೆ ಹೆರಿಗೆಯಾದ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುವುದು. ರಾತ್ರಿಯ ಕೈಪಟ್ಟಿಯು ಅವರಿಗೂ ನಿರಪಾಯ. ಮುಖವೂ ಕೈಗಳೂ ಒಮ್ಮೆಗೇ ಊದಿಕೊಂಡರೆ ಮಾತ್ರ ರಕ್ತದೊತ್ತಡವನ್ನು ನೋಡಿಸಿಕೊಳ್ಳಲು ತಡಮಾಡಬಾರದು.

ಮಾಗಡಿಯ ತರುಣ ಗುಮಾಸ್ತರು ಆಕ್ಸಿಲರೇಟರಿನ ಮೇಲೆ ಸಿಕ್ಕಿಸಿ ಅಂಗೈಯನ್ನು ಒರಗಿಸುವ ಪ್ಲಾಸ್ಟಿಕ್ಕಿನ ನಾಲಿಗ್ಗೆಯಂಥ ಸಾಮಾನನ್ನು ಕೊಳ್ಳಬಹುದೇ ಎಂದು ಕೇಳಿದ್ದಾರೆ. ತೆರವಾದ ದೂರದ ರಸ್ತೆಯಲ್ಲಿ ಅದು ಹಿಡಿತದ ಶ್ರಮವನ್ನು ನಿಜವಾಗಿಯೂ ತಗ್ಗಿಸುತ್ತದೆ. ಜನಜಂಗುಳಿಯಲ್ಲಿ ಬ್ರೇಕು ಹಿಡಿಯಲು ಹೋದ ಅಂಗೈಯು ಅದರ ಮೇಲೆ ಒತ್ತಿದರೆ ನಿಲ್ಲಬೇಕಾದ ಗಾಡಿಯು ಮುಂದಕ್ಕೆ ಚಿಮ್ಮುವ ಭಯವುಂಟು. ಮಾಗಡಿಯಿಂದ ಹೊರಡುವಾಗ ಹಾಕಿಕೊಳ್ಳಲಿ, ಸುಂಕದಕಟ್ಟೆಯ ಜನಸಂದಣಿ ಮೊದಲಾಗುವ ಮುನ್ನ ಕಳಚಿ ಜೇಬಿಗೆ ಹಾಕಿಕೊಳ್ಳಲಿ.